ಹಾಡಿನಲ್ಲಿ ತೀರಿಕೊಂಡ ಅಪ್ಪ

ಹಲ್ಲಕ್ಕನ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಹಾಡಿನಲ್ಲಿ. ಮನೆಯಲ್ಲಿ ಮಾತ್ರ ಆ ಮನುಷ್ಯ ದಿನವೂ ಮಗಳಿಗಿಂತ ಮೊದಲೇ ಎದ್ದು, ಗಂಟಲು ಸರಿಮಾಡಿಕೊಂಡು, ರೇಡಿಯೋದ ಕಿವಿ ಹಿಂಡಿ, ಟೀ ಮಾಡಿ, ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು, “ಟೀ ಆರಿಹೋಗತ್ತೆ” ಎಂದು ಬಾಗಿಲು ಬಡಿಯುತ್ತಿದ್ದ. ಸತ್ತವನೊಬ್ಬ ಇಷ್ಟೆಲ್ಲ ಓಡಾಡಿಕೊಂಡಿದ್ದದ್ದನ್ನು ನೀವು ಕಂಡಿರಲಾರಿರಿ.

ಅವಳಿಗೆ ಹಲ್ಲಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಆ ಅಚ್ಚುಗಳು ಬಂದು ಸೇರುವ ಲ್ಯಾಬಿನಲ್ಲಿ ಅವಳು ಕಟ್ಟು ಹಲ್ಲು ಮಾಡುತ್ತಾಳೆ. ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಕತ್ತು ಬಗ್ಗಿಸಿದ ದೀಪ, ಒಂದು ಪುಟ್ಟ ಜ್ವಾಲೆ, ಗುಲಾಬಿ ಬಣ್ಣದ ಮೇಣ. ಮೇಣ ಬೆಚ್ಚಗಿರುವಾಗ ಹಲ್ಲು ಕೂರಿಸಬೇಕು, ಆರಿದ ಮೇಲೆ ಕೆತ್ತಬೇಕು. ಆರುವವರೆಗೆ ಕೈಗೆ ಕೆಲಸವಿಲ್ಲ. ಅವಳ ಹಾಡುಗಳೆಲ್ಲ ಹುಟ್ಟಿದ್ದು ಆ ಬಿಡುವಿನಲ್ಲಿ, ಮೂಗಿನೊಳಗೇ ಗುನುಗುತ್ತ. ಊರಿನ ಅರ್ಧ ಜನರ ನಗು ನನ್ನ ಕೈಯಿಂದಲೇ ಹೋಗಿದ್ದು ಎಂದು ಜಂಬ ಕೊಚ್ಚಿಕೊಳ್ಳಬಹುದಿತ್ತು. ಅದು ಅವಳ ಸ್ವಭಾವವಲ್ಲ. ಕಂಡವರ ಬಾಯಿಗೆಲ್ಲ ಹಲ್ಲು ಜೋಡಿಸುವವಳು ತನ್ನ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹಾಡುವಾಗಿನ ಮಾತು ಬೇರೆ.

ಅಪ್ಪನೂ ಅದೇ ಅಚ್ಚಿನವನು. ಲಿಫ್ಟ್ ರಿಪೇರಿ ಅವನ ಕಸುಬು. ಅಮ್ಮ ಹೋದಾಗ ಇವಳಿಗೆ ಎಂಟು ತುಂಬಿತ್ತಷ್ಟೆ. ಸೋದರತ್ತೆ ಬಂದು, “ಹೆಣ್ಣುಮಗು, ನಿನ್ನ ಕೈಲಾಗಲ್ಲ, ನಮ್ಮನೆಗೆ ಕಳಿಸು” ಎಂದಳು. ಅಪ್ಪ “ನೋಡೋಣ” ಎಂದ. ಆ ನೋಡೋಣ ಇನ್ನೂ ಮುಗಿದಿಲ್ಲ. ಮರುದಿನ ಬೆಳಗ್ಗೆ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಜಡೆ ಹಾಕಿದ. ಅವನಿಗೆ ಹೆಣೆಯಲು ಗೊತ್ತಿದ್ದದ್ದು ಲಿಫ್ಟಿನ ತಂತಿ ಹಗ್ಗ ಒಂದನ್ನೇ, ಹಾಗಾಗಿ ಅವಳ ಜಡೆಯೂ ಸಂಜೆಯ ತನಕ ಒಂದೆಳೆ ಅಲ್ಲಾಡುತ್ತಿರಲಿಲ್ಲ. ಹುಬ್ಬು ಎರಡೂ ಹಣೆಯ ಕಡೆಗೆ ಜಗ್ಗಿಕೊಂಡು, ಶಾಲೆಯಲ್ಲಿ ಅವಳು ದಿನವಿಡೀ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದಳು. ನೋಯುತ್ತಿದೆ ಎಂದು ಅವಳು ಹೇಳಲಿಲ್ಲ, ನೋಯುತ್ತಾ ಎಂದು ಅವನು ಕೇಳಲಿಲ್ಲ. ಊಟ ಆಯ್ತಾ, ಕೊಡೆ ತಗೊಂಡ್ಯಾ, ಗ್ಯಾಸ್ ಆಫ್ ಮಾಡಿದ್ಯಾ: ಪ್ರೀತಿಯನ್ನೆಲ್ಲ ಈ ಮೂರು ಪ್ರಶ್ನೆಗಳಲ್ಲೇ ಮುಗಿಸಿಬಿಡುವ ಮನೆಗಳಿರುತ್ತವೆ. ಅದು ಅಂಥ ಮನೆ. ಹಲ್ಲಕ್ಕನಿಗೆ ನಲವತ್ತಮೂರಾದರೂ ಮನೆಯಲ್ಲಿ ನಾಲ್ಕನೆಯ ಪ್ರಶ್ನೆ ಹುಟ್ಟಿರಲಿಲ್ಲ.

ಅವಳು ಹಾಡುತ್ತಿದ್ದ ಕ್ಲಬ್ಬು ಹಿಂದೆ ಚಪ್ಪಲಿ ಅಂಗಡಿಯಾಗಿತ್ತು. ರಸ್ತೆಯಿಂದ ಕಡಿದಾದ ಮೆಟ್ಟಿಲಿಳಿದು ಹೋಗಬೇಕು. ನಲವತ್ತು ಕುರ್ಚಿ ಹಾಕಿದರೆ ಉಸಿರಾಡಲು ಜಾಗ ಹುಡುಕಬೇಕು, ಅಷ್ಟೇ ಜಾಗ. ವ್ಯಾಪಾರ ನೆಲ ಕಚ್ಚಿದ ಮೇಲೆ ಅಂಗಡಿಯ ಯಜಮಾನಿ ಕಪಾಟುಗಳನ್ನೆಲ್ಲ ಮಾರಿ, “ಇನ್ಮೇಲೆ ಇಲ್ಲಿ ಹಾಡು ಕೇಳೋಣ” ಎಂದು ತೀರ್ಮಾನ ಮಾಡಿದ್ದಳು. ನೆಂಟರು ಮೂಗು ಮುರಿದರು. ಅವಳು ಕೇಳಲಿಲ್ಲ. ಗೋಡೆಯ ಬುಡದಲ್ಲಿ, ಗಿರಾಕಿಗಳು ತಮ್ಮ ಪಾದ ನೋಡಿಕೊಳ್ಳಲೆಂದು ಹಾಕಿದ್ದ ಕನ್ನಡಿಗಳು ಮಾತ್ರ ಹಾಗೆಯೇ ಉಳಿದಿದ್ದವು. ಹಾಡುವವರ ಕಣ್ಣಿಗೆ ದೀಪ ಹೊಡೆಯುವುದರಿಂದ ಕೇಳುವವರ ಮುಖ ಕಾಣುತ್ತಿರಲಿಲ್ಲ. ಕೆಳಗೆ ನೋಡಿದರೆ ಕನ್ನಡಿಯಲ್ಲಿ ಸಾಲುಸಾಲು ಪಾದಗಳು. ಹಾಡು ಹಿಡಿಸಿತೋ ಇಲ್ಲವೋ ಎಂಬುದನ್ನು ಹಲ್ಲಕ್ಕ ಬೆರಳುಗಳನ್ನು ನೋಡಿಯೇ ಹೇಳಬಲ್ಲಳು. ತಿಂಗಳ ಮೊದಲ ಭಾನುವಾರ ಸಂಜೆ ಅಲ್ಲಿ ಅವಳದೇ ಹಾಡು. ಮೈಕಿಲ್ಲ, ಅಬ್ಬರವಿಲ್ಲ. ಒಂದು ಗಿಟಾರು, ಒಂದು ಲೋಟ ಬಿಸಿನೀರು. ದೊಡ್ಡ ಸ್ವರದವಳೇನಲ್ಲ ಅವಳು. ಆದರೆ ಪಕ್ಕದಲ್ಲಿ ಕೂತು ನಿಮಗೊಬ್ಬರಿಗೇ ಹೇಳುತ್ತಿದ್ದಾಳೆ ಅನ್ನಿಸುವಂಥ ಗಂಟಲು, ಸ್ವಲ್ಪ ಒರಟು, ಒಳಗೆಲ್ಲೋ ಒದ್ದೆ.

ಇನ್ನು ಅಪ್ಪ ಸತ್ತ ಕಥೆ.

ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟಿನ ಗುಂಡಿಯೊಳಗೆ ಅಪ್ಪ ಬಿದ್ದ. ಕಾಲು ಮುರಿಯಿತು, ತಲೆಗೆ ಏಟಾಯಿತು. ಮೂರು ವಾರ ಕಣ್ಣು ಬಿಡಲಿಲ್ಲ. ಡಾಕ್ಟರು ಬಂದು ಏನೋ ಹೇಳಿ ಹೋಗುತ್ತಿದ್ದರು. ಅವರ ಮಾತಿನಲ್ಲಿ ‘ಆದರೆ’ ಎಂಬುದೇ ಜಾಸ್ತಿ. ಹಲ್ಲಕ್ಕ ಲ್ಯಾಬಿಗೆ ರಜೆ ಹಾಕಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಅಪ್ಪನ ಜೊತೆ ಮಾತಾಡಿ ಎಂದು ನರ್ಸಮ್ಮ ಹೇಳಿದಾಗ ಅವಳಿಗೆ ದಿಕ್ಕು ತೋಚಲಿಲ್ಲ. ಏನಂತ ಮಾತಾಡುವುದು? ಊಟ ಆಯ್ತಾ ಎಂದು ಕೇಳುವ ಹಾಗಿಲ್ಲ, ಮೂಗಿಗೆ ನಳಿಕೆ ಹಾಕಿದ್ದರು. ಹಾಗಾಗಿ ಗುನುಗಿದಳು. ತಂತಿ ಹಗ್ಗದಂಥ ಜಡೆ, ಮುಚ್ಚಿಟ್ಟ ಟೀ ಲೋಟ, ಗ್ರೀಸಿನ ವಾಸನೆಯ ಅಂಗಿ, ಎಲ್ಲ ಒಂದೊಂದಾಗಿ ಬಂದು ಹಾಡಿಗೆ ಸೇರಿಕೊಂಡವು.

ಅಪ್ಪ ಬದುಕಿದ. ಒಂದು ಕಾಲು ಅರ್ಧ ಇಂಚು ಗಿಡ್ಡವಾಯಿತು ಎಂಬುದು ಬಿಟ್ಟರೆ ಮೊದಲಿನ ಹಾಗೆಯೇ ಮನೆಗೆ ಬಂದು, ಮೊದಲಿನ ಹಾಗೆಯೇ ಗ್ಯಾಸ್ ವಿಚಾರಿಸಿದ. ಆದರೆ ಹಾಡು ಬದುಕಿದವನ ಮಾತು ಕೇಳಬೇಕಲ್ಲ! ಲ್ಯಾಬಿನಲ್ಲಿ ಮೇಣ ಆರುವ ಹೊತ್ತಿನಲ್ಲಿ ಅದನ್ನು ತಿದ್ದುತ್ತ ಹೋದಂತೆ ಕೊನೆಯ ಚರಣದಲ್ಲಿ ಅಪ್ಪ ಉಳಿದರೆ ಹಾಡು ಕೂರುತ್ತಲೇ ಇರಲಿಲ್ಲ, ಸರಿಯಾಗಿ ಅಳತೆ ತೆಗೆಯದ ಕಟ್ಟು ಹಲ್ಲಿನ ಹಾಗೆ ಲೊಡಲೊಡ ಎನ್ನುತ್ತಿತ್ತು. ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯ ಮಂಚವನ್ನು ಖಾಲಿ ಮಾಡಿದಳು. ಹಾಡು ತಟಕ್ಕನೆ ಕೂತಿತು. ಹಾಡು ಕಟ್ಟುವವರಿಗೆ ಇಂಥ ಕಲ್ಲೆದೆ ಇರುತ್ತದೆ, ಅದನ್ನು ಅವರು ಕಸುಬು ಎಂದು ಕರೆಯುತ್ತಾರೆ.

ಮೊದಲ ಸಲ ಅದನ್ನು ಕ್ಲಬ್ಬಿನಲ್ಲಿ ಹಾಡಿದ ಸಂಜೆ ಯಾರೂ ಅಲ್ಲಾಡಲಿಲ್ಲ. ಕನ್ನಡಿಯಲ್ಲಿ ಪಾದಗಳೆಲ್ಲ ಸ್ತಬ್ಧ. ಆಮೇಲೆ ಯಜಮಾನಿ ಬಂದು ಅವಳನ್ನು ಎದೆಗೊತ್ತಿಕೊಂಡು, “ಯಾವಾಗ ಹೋದ್ರು ಮಗಳೇ?” ಎಂದು ಕೇಳಿದಳು. ಇಲ್ಲ, ಮನೆಯಲ್ಲೇ ಇದಾನೆ, ರೇಡಿಯೋ ಕೇಳ್ತಿದಾನೆ ಎನ್ನಬೇಕಿತ್ತು. ಆದರೆ ಸುತ್ತ ಇಪ್ಪತ್ತು ಜನ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಅಳುತ್ತಿರುವವರ ಕೈಯಿಂದ ಕರವಸ್ತ್ರ ಕಿತ್ತುಕೊಂಡ ಹಾಗಾಗುತ್ತದೆ ಅನ್ನಿಸಿತು. “ಹೋದ ವರ್ಷ” ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಕಚ್ಚಿಕೊಂಡ ನಾಲಿಗೆಯಿಂದ ಮಾತು ವಾಪಸ್ಸು ಬರುವುದಿಲ್ಲ.

ಮುಂದಿನ ತಿಂಗಳು ಹೋದರೆ ಮುಂದಿನ ಸಾಲಿನಲ್ಲಿ ಒಂದು ಹೊಸ ಕುರ್ಚಿ. ಹೊಸದೇನಲ್ಲ, ಗಿರಾಕಿಗಳನ್ನು ಕೂರಿಸಿ ಚಪ್ಪಲಿ ತೊಡಿಸುತ್ತಿದ್ದ ಹಳೆಯ ಕೆಂಪು ರೆಕ್ಸಿನ್ ಕುರ್ಚಿ. “ನಿಮ್ಮಪ್ಪ ಇಲ್ಲೇ ಕೂತ್ಕೊಂಡು ಕೇಳ್ತಾರೆ ಅನ್ಕೋ” ಎಂದಳು ಯಜಮಾನಿ. ಅಲ್ಲಿಂದ ಅದೇ ಪದ್ಧತಿಯಾಯಿತು. ಕ್ಲಬ್ಬು ಕಿಕ್ಕಿರಿದು ಜನ ಗೋಡೆಗೆ ಒರಗಿ ನಿಂತರೂ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಕೊನೆಯ ಹಾಡು ಅಪ್ಪನದೇ. ಅದು ಶುರುವಾದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಬರಬರುತ್ತ ಅವರವರು ಕಳೆದುಕೊಂಡವರೂ ಬಂದು ಆ ಕುರ್ಚಿಯಲ್ಲೇ ಕೂರತೊಡಗಿದರು. ಹೊಲಿಗೆ ಅಂಗಡಿಯ ಟೈಲರಮ್ಮ ಅಮ್ಮನನ್ನು ಕಳೆದುಕೊಂಡ ವರ್ಷ ಒಂದು ತಿಂಗಳೂ ತಪ್ಪಿಸದೆ ಬಂದಳು. ಹೋಗುವಾಗ ಕುರ್ಚಿಯ ಕೈಯನ್ನು ಒಮ್ಮೆ ಸವರಿ ಮೆಟ್ಟಿಲು ಹತ್ತುತ್ತಿದ್ದಳು.

ಇಂಥದ್ದನ್ನು ಹೇಗೆ ಕೆಡವುವುದು? ಮೊದಲ ದಿನ ಒಂದು ಮಾತು ಸಾಕಿತ್ತು. ವರ್ಷ ಕಳೆಯುವಷ್ಟರಲ್ಲಿ ಊರು ಬಿಟ್ಟು ಹೋಗುವುದೊಂದೇ ದಾರಿ ಎನ್ನುವಂತಾಯಿತು.

ಆದರೆ ಹಲ್ಲಕ್ಕನನ್ನು ತಿನ್ನುತ್ತಿದ್ದದ್ದು ಕ್ಲಬ್ಬಲ್ಲ. ಅಲ್ಲಿಯವರು ಬೈದರೆ ಬೈಸಿಕೊಂಡು ಗಿಟಾರು ಚೀಲಕ್ಕೆ ಹಾಕಿ ಬರಬಹುದು. ಅಪ್ಪನಿಗೆ ಗೊತ್ತಾದರೆ? ಇಡೀ ಬದುಕನ್ನು ತನಗೆಂದು ಸವೆಸಿದವನನ್ನು ಕಣ್ಣೆದುರೇ ಸಾಯಿಸಿ, ತಿಂಗಳಿಗೊಮ್ಮೆ ಅದನ್ನು ಹಾಡಿ ಹೊಗಳಿಸಿಕೊಳ್ಳುವ ಮಗಳು. ಅದನ್ನು ಕೇಳಿದ ಮೇಲೆ ಅವನು ಬೈಯುವುದಿಲ್ಲ, ಅದು ಅವಳಿಗೆ ಗೊತ್ತು. ಏನೂ ಅನ್ನದೆ ಮರುದಿನ ಬೆಳಗ್ಗೆ ಟೀ ಮುಚ್ಚಿಡುತ್ತಾನೆ. ಹಾಡಿದ ವಾರ ಅಪ್ಪನಿಗೊಂದು ನೆಗಡಿ ಬಂದರೂ ಜೀವ ಬಾಯಿಗೆ ಬರುತ್ತಿತ್ತು. ತನ್ನ ಬಾಯಿಂದಲೇ ಆಯಿತು ಎಂದುಕೊಂಡು ಹಣೆ ಮುಟ್ಟಿ ನೋಡಲು ಹೋದರೆ ಅಪ್ಪ, “ಏನಾಗಿದೆ ನಿಂಗೆ? ಕೈ ತಣ್ಣಗಿದೆ, ತೆಗಿ” ಎಂದು ಗದರುತ್ತಿದ್ದ.

ಅವನು ಕ್ಲಬ್ಬಿಗೆ ಬರುತ್ತೇನೆಂದು ಕೇಳಿದ್ದುಂಟು.

“ಒಂದ್ಸಲ ಬರ್ಲಾ?”

“ಮೆಟ್ಟಿಲು ತುಂಬಾ ಕಡಿದು ಅಪ್ಪ. ನಿನ್ನ ಕಾಲಿಗಾಗಲ್ಲ.”

“ಲಿಫ್ಟ್ ಇಲ್ವಾ?”

“ಇಲ್ಲ.”

“ಎಂಥಾ ಕಟ್ಟಡನೋ ಏನೋ” ಎಂದು ಅಪ್ಪ ಆ ಕಟ್ಟಡವನ್ನೇ ತಿರಸ್ಕರಿಸಿ ಪೇಪರ್ ಬಿಡಿಸಿದ. ಆಮೇಲೆ ಕೇಳಲಿಲ್ಲ. ಅಲ್ಲಿ ಏನು ಹಾಡ್ತೀಯ ಎಂದಂತೂ ಒಮ್ಮೆಯೂ ಕೇಳಲಿಲ್ಲ. ಹಲ್ಲಕ್ಕ ಬದುಕಿದೆಯಾ ಬಡಜೀವವೇ ಎಂದುಕೊಂಡಳು.

ಕ್ಲಬ್ಬಿನಲ್ಲಿ ಅವಳ ಹತ್ತನೆಯ ವರ್ಷ ಶುರುವಾಯಿತೆಂದು ಯಜಮಾನಿ ಈ ಸಲ ಪೋಸ್ಟರು ಮಾಡಿಸಿ ಕಂಡಕಂಡಲ್ಲಿ ಅಂಟಿಸಿದ್ದಳು. ಒಂದು ಪೋಸ್ಟರು ಹೋಗಿ ಯಾವುದೋ ಕಟ್ಟಡದ ಲಿಫ್ಟಿನೊಳಗೆ ಕೂತಿತು. ಆ ಲಿಫ್ಟಿಗೆ ಎಣ್ಣೆ ಹಾಕಲು ಹೋದವನು ಅಪ್ಪ. ಲಿಫ್ಟಿನೊಳಗೆ ಏನನ್ನೂ ಅಂಟಿಸಬಾರದು ಎಂಬುದು ಅವನ ಪಾಲಿಗೆ ದೊಡ್ಡ ಶಾಸನ. ಬೈದುಕೊಳ್ಳುತ್ತ ಉಗುರಿನಿಂದ ಕೆರೆದು ಕಿತ್ತರೆ, ಕೈಯಲ್ಲಿ ಮಗಳ ಮುಖ. ಮಡಚಿ ಜೇಬಿಗಿಟ್ಟುಕೊಂಡ. ಇದೆಲ್ಲ ಹಲ್ಲಕ್ಕನಿಗೆ ಗೊತ್ತಾದದ್ದು ಆಮೇಲೆ. ಆ ಭಾನುವಾರ ಅವಳು ಹೊರಡುವಾಗ ಅಪ್ಪ ಜಗಲಿಯಲ್ಲಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ. ಎಲ್ಲಿಗೆ ಎಂದು ಅವಳಿಗೆ ಕೇಳಬೇಕೆನ್ನಿಸಲಿಲ್ಲ. ಆ ಮನೆಯಲ್ಲಿ ನಾಲ್ಕನೆಯ ಪ್ರಶ್ನೆ ಇರಲಿಲ್ಲವೆಂದೆನಲ್ಲ.

ಅವತ್ತು ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲ್ಲಕ್ಕನಿಗೂ ಅವತ್ತು ಗಂಟಲು ಒಲಿದಿತ್ತು. ಬಸ್ಸಿನಲ್ಲಿ ನಿದ್ದೆ ಹೋಗಿ ತನ್ನ ಸ್ಟಾಪು ದಾಟಿಹೋಗುವ ಹೆಂಗಸಿನ ಹಾಡು ಹಾಡಿದಳು. ಕಟ್ಟು ಹಲ್ಲು ಹಾಕಿಕೊಂಡ ಮುದುಕ ಹೆಂಡತಿಯ ಮುಂದೆ ನಗಲು ನಾಚುವ ಹಾಡು ಹಾಡಿದಳು. ಅದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಕೊನೆಯಲ್ಲಿ ಯಾಕೋ ಸುಮ್ಮನಾದರು. ಆಮೇಲೊಂದು ನಿಧಾನದ ಹಾಡು, ಮಾತಿಗಿಂತ ಮೌನವೇ ಹೆಚ್ಚಿರುವಂಥದ್ದು. ಅದನ್ನು ಅವಳು ಕಣ್ಣು ಮುಚ್ಚಿಯೇ ಹಾಡುವುದು. ಹಾಡುತ್ತಿದ್ದಂತೆ ಮೇಲೆ ಬಾಗಿಲ ಸದ್ದಾಯಿತು. ಯಾರೋ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕುರ್ಚಿಯೊಂದು ಕಿರ್ ಎಂದಿತು.

ಹಾಡು ಮುಗಿಸಿ ಕಣ್ಣು ತೆರೆದವಳು ರೂಢಿಯಂತೆ ಕನ್ನಡಿ ನೋಡಿದಳು. ಮುಂದಿನ ಸಾಲಿನಲ್ಲಿ, ಯಾವಾಗಲೂ ಖಾಲಿ ಇರುವ ಜಾಗದಲ್ಲಿ, ಒಂದು ಜೊತೆ ಶೂ. ಕರಿ ಶೂ, ಹೊಳೆಯುತ್ತಿತ್ತು. ಎಡಗಾಲಿನ ಅಟ್ಟೆ ಬಲಗಾಲಿನದಕ್ಕಿಂತ ಅರ್ಧ ಇಂಚು ದಪ್ಪ. ಆ ಅಟ್ಟೆಯನ್ನು ಹಾಕಿಸಿಕೊಂಡು ಬಂದವಳು ಅವಳೇ.

ಗಿಟಾರು ಮಡಿಲಲ್ಲಿ ಇತ್ತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಕೆಂಪು ಕುರ್ಚಿಯ ಪಕ್ಕದಲ್ಲಿ ಔಷಧಿ ಅಂಗಡಿಯವರು ಕೂತಿದ್ದರು. ಬಹಳ ಸಭ್ಯಸ್ಥರು, ಕ್ಲಬ್ಬಿನ ಪದ್ಧತಿಗಳನ್ನೆಲ್ಲ ಯಜಮಾನಿಗಿಂತ ಹೆಚ್ಚಾಗಿ ಕಾಪಾಡುವವರು. ಅವರು ಬಗ್ಗಿ ಪಿಸುಗುಟ್ಟಿದರು. ಆ ಕೋಣೆಯಲ್ಲಿ ಪಿಸುಮಾತು ಎಂಬುದೇ ಇಲ್ಲ, ಎಲ್ಲವೂ ಎಲ್ಲರಿಗೂ ಕೇಳಿಸುತ್ತದೆ.

“ಕ್ಷಮಿಸಿ ಸರ್, ಅಲ್ಲಿ ಕೂರೋ ಹಾಗಿಲ್ಲ.”

“ಯಾಕೆ? ಖಾಲಿ ಇತ್ತಲ್ಲ.”

“ಖಾಲೀನೇ ಇರ್ಬೇಕು. ಅದು ಅವ್ರ ಅಪ್ಪಂದು.”

“ಅಪ್ಪಂದೇ ಆದ್ರೆ ಸರಿಯಾಯ್ತಲ್ಲ” ಎಂದ ಅಪ್ಪ, ಖುಷಿಯಿಂದ ಇನ್ನಷ್ಟು ಹಿಂದಕ್ಕೆ ಒರಗುತ್ತ. ತನಗೆಂದೇ ಮಗಳು ಜಾಗ ಹಿಡಿಸಿಟ್ಟಿದ್ದಾಳೆ ಎಂದುಕೊಂಡಿರಬೇಕು, ಪಾಪ.

ಔಷಧಿ ಅಂಗಡಿಯವರು ಇನ್ನೂ ಮೆತ್ತಗಾದರು. “ನಿಮಗೆ ಗೊತ್ತಿಲ್ಲ ಅನ್ಸತ್ತೆ. ಅವ್ರು ತೀರಿಕೊಂಡಿದಾರೆ.”

“ಯಾರು?”

“ಅವ್ರಪ್ಪ. ತುಂಬಾ ವರ್ಷ ಆಯ್ತು. ಲಿಫ್ಟ್ ಕೆಲಸ ಮಾಡ್ತಿದ್ರಂತೆ, ಅದ್ರಲ್ಲೇ ಬಿದ್ದು ಹೋದ್ರು.”

ಅಪ್ಪ ವೇದಿಕೆಯ ಕಡೆ ನೋಡಿದ. ದೀಪದ ಆಚೆ ಅವನ ಮುಖ ಅವಳಿಗೆ ಕಾಣಲಿಲ್ಲ, ಶೂ ಮಾತ್ರ ಕಾಣುತ್ತಿತ್ತು. ಆ ಶೂ ಎರಡೂ ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ನೆಲವನ್ನೊತ್ತಿ ಎದ್ದವು.

“ಓ, ತಪ್ಪಾಯ್ತು. ನಂಗೆ ಗೊತ್ತಿರ್ಲಿಲ್ಲ” ಎಂದು ಅಪ್ಪ ಮೆಲ್ಲಗೆ ಹೇಳಿದ. ಕುಂಟುತ್ತ ಹೋಗಿ ಪಕ್ಕದ ಗೋಡೆಗೆ ಒರಗಿ ನಿಂತ. ಔಷಧಿ ಅಂಗಡಿಯವರು ಜೇಬಿನಿಂದ ಕರವಸ್ತ್ರ ತೆಗೆದು, ಅವನು ಕೂತಿದ್ದ ಜಾಗವನ್ನು ಭಕ್ತಿಯಿಂದ ಒರೆಸಿ ಕುರ್ಚಿಯನ್ನು ಸರಿಮಾಡಿದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ರಂಪ ಮಾಡುತ್ತಿದ್ದರು, ನಾನು ಬದುಕಿದೀನಿ ಕಣ್ರೋ ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಆ ಮನುಷ್ಯನಿಗೆ ಒಂದು ಗಳಿಗೆಯಲ್ಲಿ ಎಲ್ಲ ಅರ್ಥವಾಗಿತ್ತು, ಅಥವಾ ಏನೂ ಅರ್ಥವಾಗಿರಲಿಲ್ಲ; ಇಷ್ಟು ಜನರ ಮುಂದೆ ಮಗಳ ಮರ್ಯಾದೆ ಹೋಗಬಾರದು ಎಂಬುದೊಂದು ಸಾಕಾಯಿತು. ಅಪ್ಪ ಸತ್ತಿದ್ದಾನೆ ಎಂದು ಮಗಳು ಅಂದರೆ ಸತ್ತಿದ್ದಾನೆ. ತನ್ನ ಸಾವನ್ನು ಇಷ್ಟು ವಿನಯದಿಂದ ಒಪ್ಪಿಕೊಂಡವರು ಕಡಿಮೆ.

ಈಗ ಕೊನೆಯ ಹಾಡು. ಜನ ಎದ್ದು ನಿಂತರು. ಹಲ್ಲಕ್ಕನಿಗೆ ದಾರಿ ನಿಚ್ಚಳವಾಗಿತ್ತು, ಅಪ್ಪನೇ ಬಿಡಿಸಿಕೊಟ್ಟಿದ್ದ. ಹಾಡಿ ಮುಗಿಸಿದರೆ ಕ್ಲಬ್ಬು ಉಳಿಯುತ್ತದೆ, ಕುರ್ಚಿ ಉಳಿಯುತ್ತದೆ. ಮನೆಗೆ ಹೋದ ಮೇಲೂ ಅವನು ಒಂದು ಮಾತು ಆಡುವುದಿಲ್ಲ. ಬೆರಳು ತಂತಿಯ ಮೇಲೆ ಬಂದವು. ಮೊದಲ ಸಾಲು ಬಾಯಿಗೆ ಬಂತು. ಗೋಡೆಯ ಪಕ್ಕ ಅಪ್ಪ ಗಿಡ್ಡ ಕಾಲನ್ನು ಎತ್ತಿ ಇನ್ನೊಂದರ ಮೇಲೆ ಭಾರ ಹಾಕಿದ. ನಿಂತರೆ ಅವನಿಗೆ ನೋಯುತ್ತದೆ. ಅವಳು ತಂತಿಯಿಂದ ಬೆರಳು ತೆಗೆದಳು.

“ಅವ್ರಿಗೆ ಆ ಕುರ್ಚಿ ಕೊಡಿ” ಎಂದಳು.

ಯಾರಿಗೂ ತಿಳಿಯಲಿಲ್ಲ.

“ಗೋಡೆ ಹತ್ರ ನಿಂತಿದಾರಲ್ಲ, ಅವ್ರಿಗೆ. ಅದು ಅವ್ರದೇ ಕುರ್ಚಿ. ಅವ್ರು ನಮ್ಮಪ್ಪ.”

“ಯಾವಪ್ಪ?” ಎಂದಳು ಯಜಮಾನಿ, ಹಲ್ಲಕ್ಕನಿಗೆ ನಾಲ್ಕೈದು ಜನ ಅಪ್ಪಂದಿರಿದ್ದ ಹಾಗೆ.

“ಒಬ್ಬನೇ ಇರೋದು. ಇವನೇ. ಸತ್ತಿಲ್ಲ. ನಾನೇ ಸುಳ್ಳು ಹೇಳಿದ್ದು.”

ಔಷಧಿ ಅಂಗಡಿಯವರು ಕೈಯಲ್ಲಿದ್ದ ಕರವಸ್ತ್ರವನ್ನೂ ಗೋಡೆಯನ್ನೂ ಒಂದಾದ ಮೇಲೊಂದು ನೋಡಿದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಇನ್ಯಾರೋ ಛೆ ಎಂದರು. ಟೈಲರಮ್ಮ ಮಾತ್ರ ನಗಲಿಲ್ಲ.

“ಇಷ್ಟು ವರ್ಷ ನಾನು ಇಲ್ಲಿ ಕೂತು ಅತ್ತಿದ್ದು ಯಾರಿಗೆ?” ಎಂದು ಕೇಳಿದಳು. “ಮನೇಲಿ ಅಳಕ್ಕಾಗ್ದೆ ಇಲ್ಲಿಗೆ ಬರ್ತಿದ್ದೆ. ನಿಂಗೂ ನನ್ನಂಗೇ ಆಗಿದೆ ಅನ್ಕೊಂಡು ಬರ್ತಿದ್ದೆ. ನೀನು ಇಲ್ಲಿ ಅಳಿಸಿ, ಮನೆಗೆ ಹೋಗಿ ಅಪ್ಪನ ಜೊತೆ ಊಟ ಮಾಡ್ತಿದ್ಯಾ?”

“ಹೂಂ” ಎಂದಳು ಹಲ್ಲಕ್ಕ. ಟೈಲರಮ್ಮನ ಸಿಟ್ಟು ನ್ಯಾಯವಾದದ್ದೇ. ಅವಳ ಅಮ್ಮ ನಿಜಕ್ಕೂ ವಾಪಸ್ಸು ಬರುವಂತಿರಲಿಲ್ಲ. ಹಲ್ಲಕ್ಕ ಗಿಟಾರನ್ನು ಚೀಲಕ್ಕೆ ಹಾಕಲು ಎದ್ದಳು. ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಕ್ಲಬ್ಬು ಮುಗಿದದ್ದು ಅವಳಿಗೆ ದೊಡ್ಡದಾಗಲಿಲ್ಲ, ಗೋಡೆಯ ಕಡೆ ತಿರುಗಿ ನೋಡುವುದೇ ದೊಡ್ಡದಾಗಿತ್ತು.

ಗೋಡೆಯ ಕಡೆಯಿಂದಲೇ ಮಾತು ಬಂತು.

“ಅಮ್ಮಾ, ಅವಳನ್ನ ಆಮೇಲೆ ಬೈಯಿ, ನಾನೂ ಸೇರ್ಕೋತೀನಿ” ಎಂದು ಅಪ್ಪ ಟೈಲರಮ್ಮನಿಗೆ ಹೇಳುತ್ತ ಮುಂದೆ ಬಂದ. ಕೆಂಪು ಕುರ್ಚಿಯ ಹತ್ತಿರ ನಿಂತು ಔಷಧಿ ಅಂಗಡಿಯವರನ್ನು ಕೇಳಿದ: “ಕೂತ್ಕೋಬಹುದಾ?” ಅವರು ಗಾಬರಿಯಿಂದ ಮತ್ತೊಮ್ಮೆ ಒರೆಸಿ ಕೊಟ್ಟರು. ಅಪ್ಪ ಕೂತ. ಕಾಲು ನೀಡಿಕೊಂಡ.

“ಹಾಡು” ಎಂದ. “ನಾನು ಹೇಗೆ ಸತ್ತೆ ಅಂತ ನಂಗೂ ಗೊತ್ತಾಗ್ಲಿ.”

ಈ ಸಲ ಕಿಸಕ್ಕೆಂದವರು ಬಾಯಿ ಮುಚ್ಚಿಕೊಳ್ಳಲಿಲ್ಲ, ಅರ್ಧ ಕ್ಲಬ್ಬು ನಕ್ಕಿತು. ಹಲ್ಲಕ್ಕ ನಗಲಿಲ್ಲ. ದೀಪದ ಪಕ್ಕಕ್ಕೆ ಸರಿದು ಅವನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಕೆಟ್ಟುನಿಂತ ಲಿಫ್ಟಿನ ಸದ್ದಿಗೆ ಕಿವಿಗೊಡುವಾಗಿನ ಮುಖ ಅದು. ಅವಳು ಕೂತಳು. ಶ್ರುತಿ ಮಾಡಿದಳು. ಒಂಬತ್ತು ವರ್ಷ ಖಾಲಿ ಕುರ್ಚಿಗೆ ನಿರಾಯಾಸವಾಗಿ ಹೇಳಿದ್ದನ್ನು ತುಂಬಿದ ಕುರ್ಚಿಗೆ ಹೇಳುವುದು ಎಷ್ಟು ಕಷ್ಟವೆಂದು ಹಾಡಿದವರಿಗೇ ಗೊತ್ತು.

“ಉಕ್ಕಿನ ಹಗ್ಗ ಹೆಣೆಯುವ ಕೈಯಲಿ
ನನ್ನ ಜಡೆಯ ಹೆಣೆದವನೇ,
ಬಿಗಿಯಾಯಿತೆಂದು ನಾ ಹೇಳಲಿಲ್ಲ,
ಸಡಿಲ ಬಿಡಲು ನಿನಗೆ ಬರಲಿಲ್ಲ.”

ದನಿ ಎರಡು ಕಡೆ ಒಡೆಯಿತು, ಒಂದು ಕಡೆ ಪೂರಾ ನಿಂತೇಹೋಯಿತು. ಬೆರಳು ಮಾತ್ರ ನಡೆದವು, ಆಮೇಲೆ ದನಿ ಅವನ್ನು ಹಿಂದಿನಿಂದ ಬಂದು ಸೇರಿಕೊಂಡಿತು. ಅಷ್ಟು ಕೆಟ್ಟದಾಗಿ ಅವಳು ಆ ಹಾಡನ್ನು ಹಿಂದೆಂದೂ ಹಾಡಿರಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಟೈಲರಮ್ಮ ಕುರ್ಚಿಯನ್ನು ಅಡ್ಡಕ್ಕೆ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು, ಆದರೆ ಕೂತಿದ್ದಳು. ಟೀ ಲೋಟದ ಚರಣ ಬಂದಾಗ ಅಪ್ಪ ತಲೆ ತಗ್ಗಿಸಿದ. ಗ್ರೀಸಿನ ಅಂಗಿಯ ಚರಣದಲ್ಲಿ ತಾನು ಹಾಕಿಕೊಂಡಿದ್ದ ಅಂಗಿಯ ತೋಳನ್ನು ಸುಮ್ಮನೆ ತಿಕ್ಕಿದ. ಕೊನೆಯ ಚರಣವನ್ನು ಬಿಟ್ಟುಬಿಡಲೇ ಎಂದು ಅವಳಿಗೆ ಒಮ್ಮೆ ಅನ್ನಿಸಿತು. ಬಿಡಲಿಲ್ಲ.

“ಹಾಸಿಗೆ ಮಡಚಿ ಇಟ್ಟಿದ್ದಾರೆ,
ನಿನ್ನ ಕನ್ನಡಕ ನನ್ನ ಕೈಲಿದೆ.
ಮೇಲಿನ ಮಹಡಿಗೆ ಹೋದವನೇ,
ಕೆಳಗೆ ನಾನೊಬ್ಬಳೇ ನಿಂತಿರುವೆ.”

ಗಿಟಾರು ನಿಂತಿತು. ಚಪ್ಪಾಳೆ ಹೊಡೆಯುವುದೋ ಬಿಡುವುದೋ ಯಾರಿಗೂ ತೋಚಲಿಲ್ಲ. ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು. ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ.

“ಚೆನ್ನಾಗಿದೆ” ಎಂದ. “ಆದ್ರೆ ನಾನು ಬಿದ್ದಿದ್ದು ಕೆಳಕ್ಕಲ್ವಾ? ಮೇಲಕ್ಕೆ ಯಾಕೆ ಕಳಿಸ್ದೆ?”

ನಗು ಬಂತು, ಈ ಸಲ ಎಲ್ಲ ಕಡೆಯಿಂದ. ಹಲ್ಲಕ್ಕ ವೇದಿಕೆ ಇಳಿದು ಬಂದು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹಿಂದೆ ಆ ಅಂಗಡಿಯಲ್ಲಿ ಗಿರಾಕಿಗಳಿಗೆ ಚಪ್ಪಲಿ ತೊಡಿಸುವವರು ಕೂರುತ್ತಿದ್ದದ್ದು ಹಾಗೆಯೇ.

“ಅಪ್ಪ, ತಪ್ಪಾಯ್ತು” ಎಂದಳು. “ನಿಂಗೆ ಗೊತ್ತಾಗ್ಬಾರ್ದು ಅಂತಾನೇ ನಿನ್ನ ಇಲ್ಲಿಗೆ ಕರೀಲಿಲ್ಲ.”

“ಗೊತ್ತಾಗ್ಬಾರ್ದು ಅಂತ ಹಾಡು ಯಾರಾದ್ರೂ ಕಟ್ತಾರಾ?” ಎಂದ ಅಪ್ಪ. “ನಾನು ಬಂದಿದ್ದೇ ಇದನ್ನ ಕೇಳಕ್ಕೆ. ಅಷ್ಟೊಂದು ಚೆನ್ನಾಗಿತ್ತು, ಮನೇಲಿ ಒಂದು ದಿನಾನೂ ಹಾಡ್ಲಿಲ್ಲ. ಮರ್ತೇಬಿಟ್ಯೇನೋ ಅನ್ಕೊಂಡಿದ್ದೆ.”

ಅವಳು ತಲೆ ಎತ್ತಿದಳು. “ಎಲ್ಲಿ ಕೇಳಿದ್ದೆ ನೀನು?”

“ಆಸ್ಪತ್ರೇಲಿ.”

“ಆಸ್ಪತ್ರೇಲಿ ನಿಂಗೆ ಪ್ರಜ್ಞೆ ಇರ್ಲಿಲ್ಲ.”

“ಕಣ್ಣು ಬಿಡಕ್ಕಾಗ್ತಿರ್ಲಿಲ್ಲ, ಅಷ್ಟೇ. ಕಿವಿಗೇನಾಗಿತ್ತು?” ಎಂದ ಅಪ್ಪ, ಇದೇನು ದಡ್ಡ ಪ್ರಶ್ನೆ ಎನ್ನುವಂತೆ. “ಆದ್ರೆ ಕೊನೇಲಿ ಈಗ ಹಾಡಿದ್ಯಲ್ಲ, ಅದು ಇರ್ಲಿಲ್ಲ. ಬೇರೆ ಇತ್ತು. ‘ಏಳಪ್ಪಾ, ಮನೆಗೆ ಹೋಗೋಣ’ ಅಂತ ಇತ್ತು. ದಿನಾ ಅಲ್ಲಿಗೇ ತಂದು ನಿಲ್ಲಿಸ್ತಿದ್ದೆ. ಅದನ್ನ ಯಾಕೆ ತೆಗ್ದೆ?”

ಹಲ್ಲಕ್ಕ ಅವನ ಮೊಣಕಾಲು ಹಿಡಿದುಕೊಂಡಳು.

“ಅದು ಹಾಡಿಂದಲ್ಲ ಅಪ್ಪ” ಎಂದಳು. “ಅದು ನಿಂಗೆ ಹೇಳ್ತಿದ್ದಿದ್ದು.”

“ಅದು ನಂಗೊತ್ತು” ಎಂದ ಅಪ್ಪ. “ಅದನ್ನ ಕೇಳೇ ನಾನು ಎದ್ದಿದ್ದು.”